ಬಚ್ಚಲುಮನೆಯ ಮತಗಟ್ಟೆ

ಭಾನುವಾರ ಮಧ್ಯಾಹ್ನದ ಊಟ ಮುಗಿದು ಮೇಜು ಒರೆಸಿದ ಮೇಲೆ ನಮ್ಮ ಮನೆಯಲ್ಲಿ ಸಭೆ ಸೇರುತ್ತಿತ್ತು. ಸದಸ್ಯರು ಮೂವರು: ಅಪ್ಪ, ಅಮ್ಮ, ನಾನು. ಅಧ್ಯಕ್ಷರು ಅಪ್ಪ. ವರದಿ ಓದುವವರೂ ಅಪ್ಪ, ನಿರ್ಣಯ ಮಂಡಿಸುವವರೂ ಅಪ್ಪ, ಕೊನೆಗೆ ಎತ್ತಿದ ಕೈಗಳನ್ನು ಎಣಿಸುವವರೂ ಅವರೇ. ಪೂರ್ವ ಜರ್ಮನಿಯ ಚೆಮ್ನಿಟ್ಸ್ ಊರಿನ ಅಂಚಿನಲ್ಲಿ, ಕಾಂಕ್ರೀಟ್ ಕಟ್ಟಡವೊಂದರ ಐದನೆಯ ಮಹಡಿಯಲ್ಲಿ ನಮ್ಮ ವಾಸ. ಆ ಊರಿಗೆ ಆಗ ಗಡ್ಡದ ತತ್ವಜ್ಞಾನಿಯೊಬ್ಬರ ಹೆಸರಿತ್ತು. ಅಡುಗೆಮನೆಗೂ ಬಚ್ಚಲಿಗೂ ಕಿಟಕಿಯಿರಲಿಲ್ಲ, ಅಡುಗೆಮನೆಯಿಂದ ಹಜಾರಕ್ಕೆ ಪಾತ್ರೆ ದಾಟಿಸಲು ಗೋಡೆಯಲ್ಲೊಂದು ಪುಟ್ಟ ಬಾಗಿಲಿನ ಚೌಕದ ಕಿಂಡಿಯಿತ್ತು. ಅಮ್ಮ ಸಭೆಗೆ ಹಾಜರಾಗುತ್ತಿದ್ದದ್ದು ಆ ಕಿಂಡಿಯ ಮೂಲಕ. ಅಪ್ಪ ಹಜಾರದಲ್ಲಿ ನಿಂತು, ಕಳೆದ ವಾರ ಮನೆಯ ಸಾಮೂಹಿಕ ಜೀವನದಲ್ಲಿ ಆದ ಸಾಧನೆಗಳು, ಉಳಿದ ಕೊರತೆಗಳು, ಮುಂದಿನ ವಾರದ ಯೋಜನೆ ಎಂದು ಕನ್ನಡದಲ್ಲಿ ಓದುತ್ತಿದ್ದರು. ಚರ್ಚೆ ಎಂದು ಒಂದು ಕ್ಷಣ ಸುಮ್ಮನಾಗುತ್ತಿದ್ದರು. ಆಮೇಲೆ, "ಒಪ್ಪುವವರು?" ಕಿಂಡಿಯಿಂದ ಸೋಪಿನ ನೊರೆ ಮೆತ್ತಿದ ಒಂದು ಕೈ ಹೊರಗೆ ಬರುತ್ತಿತ್ತು. ನಾನೂ ಎತ್ತುತ್ತಿದ್ದೆ. "ವಿರೋಧ? ತಟಸ್ಥ? ಇಲ್ಲ. ಸರ್ವಾನುಮತ." ನಾನು ರಷ್ಯನ್ ಭಾಷೆಯ ಹೆಚ್ಚುವರಿ ತರಗತಿಗೆ ಸೇರಬೇಕೆನ್ನುವುದು ಹೀಗೆಯೇ ಸರ್ವಾನುಮತದಿಂದ ತೀರ್ಮಾನವಾಯಿತು. ನನಗೆ ಇಷ್ಟವಿಲ್ಲ ಎಂದು ಚರ್ಚೆಯಲ್ಲಿ ಹೇಳಿದ್ದೆ. ಅಪ್ಪನ ಮುಖದಲ್ಲಿ ಸಿಟ್ಟೇನೂ ಬರಲಿಲ್ಲ, ಅದೇ ನನಗೆ ಹೆಚ್ಚು ಉರಿಸಿದ್ದು.

"ಚರ್ಚೆ ಇರುವುದು ಒಪ್ಪಿಗೆಯನ್ನು ಗಟ್ಟಿ ಮಾಡ್ಲಿಕ್ಕೆ ಶಶೀ. ನಿನ್ನ ಅಭಿಪ್ರಾಯ ಬರ್ಕೊಂಡಾಯ್ತು. ಈಗ ಕೈ ಎತ್ತು."

ಇದನ್ನು ನಗಿಸಲೆಂದು ಬರೆಯುತ್ತಿಲ್ಲ. ಹೇಳಿದಾಗಲೆಲ್ಲ ಜನ ನಗುತ್ತಾರೆ, ನನಗೆ ಗೊತ್ತು. ಮೊನ್ನೆ ಬರ್ಲಿನ್ನಿನಲ್ಲಿ ಕನ್ನಡದವರ ಕೂಟದಲ್ಲಿ ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಹುಡುಗ ನನ್ನ ಪಕ್ಕ ಕೂತು ಬಿಸಿಬೇಳೆಬಾತ್ ತಿನ್ನುತ್ತಾ, ಮನೆ ಹುಡುಕಿ ಹುಡುಕಿ ಸಾಕಾಗಿದೆ ಎಂದು ಗೋಳು ತೋಡಿಕೊಂಡ. ನಾನು ಆ ಕಡೆಯ ಜರ್ಮನಿಯಲ್ಲಿ ಬೆಳೆದವಳು ಎಂದು ತಿಳಿದದ್ದೇ ಅವನ ಕಣ್ಣು ಅರಳಿತು.

"ಹೌದಾ ಮೇಡಂ! ಆಗ ರೆಂಟ್ ಏನೂ ಇರ್ಲಿಲ್ಲವಂತೆ? ಎಲ್ರಿಗೂ ಕೆಲ್ಸ, ಎಲ್ರಿಗೂ ಮನೆ. ಸಿಸ್ಟಮ್ ಒಂಥರಾ ಚೆನ್ನಾಗೇ ಇತ್ತಲ್ವಾ?"

ಹೌದಪ್ಪಾ, ಬಾಡಿಗೆ ಕಡಿಮೆಯಿತ್ತು, ಅದು ಸುಳ್ಳಲ್ಲ. ಹಸಿದು ಮಲಗಿದವರನ್ನು ನಾನು ಅಲ್ಲಿ ಕಂಡಿಲ್ಲ. ಆದರೆ ಹೇಳಬೇಕಾದದ್ದು ಬಾಡಿಗೆಯ ವಿಷಯವಲ್ಲ, ಅಮ್ಮನ ವಿಷಯ. ಅದನ್ನು ಊಟದ ತಟ್ಟೆ ಹಿಡಿದು ಹೇಳಲು ಆಗುವುದಿಲ್ಲ. ಮೂವತ್ತು ವರ್ಷ ದಾಟಿದೆ, ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯಲಿ ಎಂದು ಬರೆಯುತ್ತಲೂ ಇಲ್ಲ.

ಅಪ್ಪ ಮಂಗಳೂರಿನ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿದವರು. ಅಲ್ಲಿನ ಮುಷ್ಕರದಲ್ಲಿ ಲಾಠಿಯ ಪೆಟ್ಟು ತಿಂದು, ಸಂಘದವರ ಮೂಲಕ ಫಿಟ್ಟರ್ ಕೆಲಸ ಕಲಿಯಲೆಂದು ಈ ದೇಶಕ್ಕೆ ಬಂದವರು, ನೂಲಿನ ಯಂತ್ರ ಮಾಡುವ ಕಾರ್ಖಾನೆಯಲ್ಲಿ ಉಳಿದೇಬಿಟ್ಟರು. ಉಡುಪಿಗೆ ಹೋಗಿ ಮದುವೆಯಾಗಿ ಅಮ್ಮನನ್ನು ಕರೆತಂದರು. ಮಾಲೀಕನೇ ಇಲ್ಲದ ಕಾರ್ಖಾನೆಯನ್ನು ಕಣ್ಣಾರೆ ಕಂಡ ಮೇಲೆ ಅವರಿಗೆ ಬೇರೆ ದೇವರು ಬೇಕಾಗಲಿಲ್ಲ. ಪರದೇಶಿಯಾದ್ದರಿಂದ ಪಕ್ಷದ ಸದಸ್ಯತ್ವ ಸಿಕ್ಕಿರಲಿಲ್ಲ, ಆದರೆ ಭಕ್ತಿಯಲ್ಲಿ ಪಕ್ಷದವರಿಗಿಂತ ಒಂದು ಕೈ ಮೇಲು. ನಾನು ಚಿಕ್ಕವಳಿದ್ದಾಗ ರಾಜ್ಯ ಹೇಗೆ ನಡೆಯುತ್ತದೆಂದು ಅವರು ನನಗೆ ಕಲಿಸಿದ್ದು ಇಡ್ಲಿ ಅಟ್ಟೆಯಿಂದ. ಕೆಳಗಿನ ತಟ್ಟೆ ಬ್ರಿಗೇಡ್, ಅಂದರೆ ಕಾರ್ಖಾನೆಯಲ್ಲಿ ಒಟ್ಟಿಗೆ ದುಡಿಯುವ ಹತ್ತಿಪ್ಪತ್ತು ಜನರ ತಂಡ. ಅದರ ಮೇಲೆ ವಿಭಾಗ, ಅದರ ಮೇಲೆ ಇಡೀ ಕಾರ್ಖಾನೆ. ಆಮೇಲೆ ಪಟ್ಟಣ, ಜಿಲ್ಲೆ, ಎಲ್ಲಕ್ಕಿಂತ ಮೇಲೆ ಬರ್ಲಿನ್ನಿನ ಜನಸಭೆ. ಪ್ರತಿ ತಟ್ಟೆಯಲ್ಲೂ ಕಾರ್ಮಿಕ ಸಂಘದವರೊಬ್ಬರು, ಯುವಜನ ಸಂಘದವರೊಬ್ಬರು, ಮಹಿಳಾ ಸಂಘದವರೊಬ್ಬರು. ಪ್ರತಿ ತಟ್ಟೆಯ ಪಕ್ಕದಲ್ಲೂ ಪಕ್ಷ. ಕೆಳಗಿನ ತಟ್ಟೆಯವರು ಮೇಲಿನ ತಟ್ಟೆಗೆ ಆರಿಸಿ ಕಳಿಸುತ್ತಾರೆ, ದುಡಿಯುವವರ ಇಚ್ಛೆ ಹಬೆಯ ಹಾಗೆ ಕೆಳಗಿನಿಂದ ಮೇಲಕ್ಕೆ ಏರುತ್ತದೆ ಎಂದರು. ಅಮ್ಮ ಒಲೆಯ ಮುಂದೆ ನಿಂತಿದ್ದರು.

"ಹಬೆ ಮೇಲೆ ಹೋಗ್ತದೆ, ಸರಿ. ಮುಚ್ಚಳ ಯಾರ ಕೈಯಲ್ಲಿ ಉಂಟು, ಅದನ್ನು ಹೇಳಿ."

ಅಪ್ಪ ಅದಕ್ಕೂ ಉತ್ತರ ಕೊಟ್ಟರು. ಮುಚ್ಚಳ ಇಲ್ಲದಿದ್ದರೆ ಇಡ್ಲಿ ಬೇಯುವುದಿಲ್ಲ ಎಂದರು. ಉತ್ತರ ಇಲ್ಲದ ಪ್ರಶ್ನೆಯೇ ಅವರಿಗೆ ಗೊತ್ತಿರಲಿಲ್ಲ.

ನಮ್ಮ ಬದುಕಿನ ಬೇರು ಇದ್ದದ್ದು ಕಾರ್ಖಾನೆಯಲ್ಲಿ, ಮನೆಯಲ್ಲಲ್ಲ. ಮನೆ ಸಿಕ್ಕಿದ್ದು ಕಾರ್ಖಾನೆಯ ಪಟ್ಟಿಯಿಂದ. ನಾನು ಬೆಳೆದ ಶಿಶುವಿಹಾರ ಕಾರ್ಖಾನೆಯದು. ಹಲ್ಲು ನೋವಾದರೆ ಕಾರ್ಖಾನೆಯ ಆಸ್ಪತ್ರೆ, ಬೇಸಿಗೆಯಲ್ಲಿ ಬಾಲ್ಟಿಕ್ ಸಮುದ್ರದ ದಂಡೆಯಲ್ಲಿ ಎರಡು ವಾರದ ರಜೆ ಬೇಕಾದರೆ ಕಾರ್ಮಿಕ ಸಂಘದ ಚೀಟಿ. ಅಮ್ಮನಿಗೆ ಕೆಲಸ ಸಿಕ್ಕಿದ್ದೂ ಅದೇ ಕಾರ್ಖಾನೆಯ ಊಟದ ಮನೆಯಲ್ಲಿ. ಕೊಡುವ ಕೈ ಒಂದೇ ಆದ್ದರಿಂದ ಕಿತ್ತುಕೊಳ್ಳುವ ಕೈಯೂ ಒಂದೇ, ಇದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಅಮ್ಮ ಬೆಳಿಗ್ಗೆ ಕತ್ತಲಿರುವಾಗಲೇ ಎದ್ದು ಹೋಗಿ ನೂರಾರು ಜನರಿಗೆ ಆಲೂಗಡ್ಡೆ ಸೂಪು ಕುದಿಸಿ, ಸಂಜೆ ಮನೆಗೆ ಬಂದು ನಮಗೆ ಸಾರು ಮಾಡುತ್ತಿದ್ದರು. ಹುಣಸೆಹಣ್ಣು ಎಲ್ಲಿಂದ ಬರಬೇಕು, ಪಕ್ಕದವರ ತೋಟದ ರುಬಾರ್ಬ್ ದಂಟನ್ನು ಬೇಯಿಸಿ ಹಿಂಡಿ ಹುಳಿ ತೆಗೆಯುತ್ತಿದ್ದರು. ಕೇಕಿಗೆ ಹಾಕುವ ಒಣ ತೆಂಗಿನ ತುರಿಯನ್ನು ಬಿಸಿಹಾಲಿನಲ್ಲಿ ನೆನೆಸಿ ಅರೆದು ಮೀನಿನ ಗಸಿ ಮಾಡುತ್ತಿದ್ದರು. ಮೆಟ್ಟಿಲಲ್ಲಿ ಗಸಿಯ ಪರಿಮಳ ಹರಡಿದರೆ ಮೂರನೆಯ ಮಹಡಿಯ ಹೆಂಗಸು ಬಂದು ಬಾಗಿಲು ತಟ್ಟಿ, ಏನೋ ಸುಡುತ್ತಿದೆ ಎನ್ನುತ್ತಿದ್ದಳು. ಅಮ್ಮ ಅವಳಿಗೂ ಒಂದು ಬಟ್ಟಲು ಕೊಟ್ಟು ಕಳಿಸುತ್ತಿದ್ದರು. ವಾರಿಜಾ ಎಂಬ ಹೆಸರು ಆ ಕಟ್ಟಡದಲ್ಲಿ ಯಾರ ನಾಲಗೆಗೂ ತಿರುಗುತ್ತಿರಲಿಲ್ಲ, ಆದರೂ ಅಮ್ಮನನ್ನು ಎಲ್ಲರೂ ಬಲ್ಲರು.

ನನಗೆ ಡಾಕ್ಟರಾಗಬೇಕಿತ್ತು. ಹತ್ತನೆಯ ತರಗತಿ ಮುಗಿಸಿದ ಮೇಲೆ ವಿಶ್ವವಿದ್ಯಾಲಯಕ್ಕೆ ಹೋಗುವ ದಾರಿ ಒಂದೇ, ಎರಡು ವರ್ಷದ ಮೇಲ್ಶಾಲೆ. ಅದಕ್ಕೆ ನಮ್ಮ ತರಗತಿಯಿಂದ ಇಬ್ಬರೋ ಮೂವರೋ ಮಾತ್ರ ಹೋಗಬಹುದಿತ್ತು. ಅಂಕಗಳು ನನ್ನಲ್ಲಿದ್ದವು. ಆದರೆ ಅಂಕ ನೋಡಿ ಕಳಿಸುವವರು ಯಾರು? ಟೀಚರ್ ಶಿಫಾರಸು ಮಾಡಬೇಕು, ಪೋಷಕರ ಸಮಿತಿ ತಲೆಯಾಡಿಸಬೇಕು, ತಂದೆ ತಾಯಿಯ ನಡತೆಯ ಬಗ್ಗೆ ಕಾರ್ಖಾನೆಯಿಂದ ಒಳ್ಳೆಯ ಮಾತು ಬರಬೇಕು, ಕೊನೆಗೆ ಜಿಲ್ಲೆಯವರು ಆಗಲಿ ಎನ್ನಬೇಕು. ಆ ವರ್ಷ ಎಲ್ಲವೂ ಆಗಿ ಕಾರ್ಖಾನೆಯ ಒಂದು ಮಾತು ಬಾಕಿಯಿತ್ತು. ಅಷ್ಟರಲ್ಲಿ ಊರಿನ ಚುನಾವಣೆ ಬಂತು. ಈ ದೇಶದಲ್ಲಿ ನೆಲೆಸಿದ ಪರದೇಶಿಯರೂ ಊರಸಭೆಗೆ ಓಟು ಹಾಕಬಹುದೆಂದು ಸರ್ಕಾರ ಅದೇ ಮೊದಲ ಸಲ ಹೇಳಿತು. ಅಪ್ಪನ ಜೊತೆಗೆ ಅಮ್ಮನ ಹೆಸರಿಗೂ ಕರೆ ಬಂತು. ಅಪ್ಪ ಆ ಕಾಗದವನ್ನು ದೇವರ ಪ್ರಸಾದದ ಹಾಗೆ ಎರಡೂ ಕೈಯಲ್ಲಿ ಹಿಡಿದು ಮನೆತುಂಬ ಓಡಾಡಿದರು. ನಮ್ಮ ತೆರಿಗೆ ತಿಂದ ಯಾವ ದೇಶ ನಮ್ಮಂಥವರಿಗೆ ಇಷ್ಟು ಕೊಟ್ಟಿದೆ ಎಂದರು. ಊರಿನ ಪತ್ರಿಕೆಯವರನ್ನು ಒಪ್ಪಿಸಿ, ಅಮ್ಮ ಪೆಟ್ಟಿಗೆಗೆ ಮತಪತ್ರ ಹಾಕುವ ಫೋಟೋ ತೆಗೆಸಲು ಏರ್ಪಾಡು ಮಾಡಿದರು. ಹಾಗಾದರೆ ನನ್ನ ಸೀಟು ಗಟ್ಟಿ ಎನ್ನುವುದು ಅವರ ಲೆಕ್ಕಾಚಾರ. ಅದನ್ನು ನನಗೆ ಕಣ್ಣಲ್ಲೇ ಹೇಳಿದರು.

ಅಲ್ಲಿ ಓಟು ಹಾಕುವ ಕ್ರಮ ಎಲ್ಲರಿಗೂ ಗೊತ್ತು, ಗೊತ್ತಿಲ್ಲದವರು ಅಮ್ಮ ಒಬ್ಬರೇ. ಹೆಸರುಗಳ ಒಂದೇ ಪಟ್ಟಿ. ಅದನ್ನು ಕೈಗೆ ತೆಗೆದುಕೊಳ್ಳುವುದು, ಎಲ್ಲರ ಎದುರೇ ಮಡಿಸುವುದು, ಪೆಟ್ಟಿಗೆಗೆ ಹಾಕುವುದು. ಜನ ಅದನ್ನು "ಮಡಿಸಲು ಹೋಗುವುದು" ಎಂದೇ ಕರೆಯುತ್ತಿದ್ದರು. ಮೂಲೆಯಲ್ಲೊಂದು ಪರದೆ ಕಟ್ಟಿದ ಗೂಡು ಇರುತ್ತಿತ್ತು, ಬೇಡದ ಹೆಸರನ್ನು ಹೊಡೆದುಹಾಕುವವರಿಗೆ. ಒಳಗೆ ಹೋಗಬಾರದೆಂದು ಯಾವ ಕಾನೂನೂ ಹೇಳುತ್ತಿರಲಿಲ್ಲ. ಹೋದವರು ಯಾರೆಂದು ಮಾತ್ರ ಗುರುತು ಹಾಕಿಕೊಳ್ಳುತ್ತಿದ್ದರು. ಅಪ್ಪ ಅಮ್ಮನಿಗೆ ಸೀರೆ ಯಾವುದು, ಯಾವ ಕಡೆ ತಿರುಗಿ ನಿಲ್ಲಬೇಕು ಎಲ್ಲವನ್ನೂ ಹೇಳಿದ್ದರು. ಪರದೆಯ ವಿಷಯ ಹೇಳಲಿಲ್ಲ. ಅಂಥ ಮಾತನ್ನು ಬಾಯಿಬಿಟ್ಟು ಹೇಳಿದರೆ ತಾನು ನಂಬಿದ್ದರ ಮರ್ಯಾದೆ ಹೋಗುತ್ತಿತ್ತಲ್ಲ! ಅಮ್ಮನೋ, ಮದುವೆಗೆ ಮೊದಲು ಉಡುಪಿಯಲ್ಲಿ ಒಮ್ಮೆ ಓಟು ಹಾಕಿದವರು. ಬೀಡಿ ಕಟ್ಟುತ್ತಿದ್ದ ನನ್ನ ಅಜ್ಜಿ ಅವರನ್ನು ಕರೆದುಕೊಂಡು ಹೋಗಿ ಸಾಲಿನಲ್ಲಿ ನಿಲ್ಲಿಸಿ ಕಿವಿಯಲ್ಲಿ ಹೇಳಿದ್ದರಂತೆ:

"ನಾಳೆ ಮದುವೆ ಆದ್ರೂ ಇದು ನೆನಪಿಟ್ಕೋ ಮಗಳೇ. ಗಂಡನಿಗೆ ಮೈ ತೋರಿಸು, ಓಟು ತೋರಿಸ್ಬೇಡ."

ಮೇ ತಿಂಗಳು, ರಸ್ತೆಯುದ್ದಕ್ಕೂ ನೇರಳೆ ಲೈಲಾಕ್ ಹೂ. ಅಮ್ಮ ಮುಡಿಗೆ ಅದನ್ನೇ ಮುಡಿದು, ಹಸಿರು ರೇಷ್ಮೆ ಸೀರೆಯುಟ್ಟು ನಮ್ಮ ಶಾಲೆಯ ವ್ಯಾಯಾಮ ಮಂದಿರಕ್ಕೆ ಬಂದರು. ನಾನು ಯುವಜನ ಸಂಘದ ನೀಲಿ ಅಂಗಿ ತೊಟ್ಟು, ಮೊದಲ ಸಲ ಓಟು ಹಾಕುವವರಿಗೆ ಕಾರ್ನೇಷನ್ ಹೂ ಕೊಡಲು ಬಾಗಿಲ ಬಳಿ ನಿಂತಿದ್ದೆ. ಅಮ್ಮನಿಗೂ ಒಂದು ಕೊಟ್ಟೆ. ಮೇಜಿನ ಹಿಂದೆ ಕೂತಿದ್ದ ಅಧ್ಯಕ್ಷಿಣಿ ಹೆಸರು ನೋಡಿ ಮತಪತ್ರ ಕೊಟ್ಟಳು. ಅಮ್ಮ ಎಡಗೈಯ ತೋರುಬೆರಳನ್ನು ಮುಂದೆ ಚಾಚಿದರು. ಆಕೆಗೆ ಏನೂ ತೋಚದೆ ಆ ಬೆರಳನ್ನೇ ಹಿಡಿದು ಕುಲುಕಿದಳು. ಶಾಯಿ ಇಲ್ಲವೇ ಎಂದು ಅಮ್ಮನಿಗೆ ಆಶ್ಚರ್ಯವಾಗಿರಬೇಕು. ಅಪ್ಪ ಮತಪೆಟ್ಟಿಗೆಯ ಪಕ್ಕ ಎದೆಯುಬ್ಬಿಸಿ ನಿಂತಿದ್ದರು, ಫೋಟೋದವನು ಮಂಡಿಯೂರಿ ಕೂತಿದ್ದ. ಅಮ್ಮ ಸುತ್ತಲೂ ಒಮ್ಮೆ ನೋಡಿದರು, ಮೂಲೆಯಲ್ಲಿದ್ದ ಪರದೆ ಕಂಡಿತು, ಸೆರಗು ಸರಿಮಾಡಿಕೊಂಡು ಮಂದಿರದ ಉದ್ದಕ್ಕೂ ನಡೆದು ಅದರ ಹಿಂದೆ ಹೋದರು. ಅಷ್ಟು ದೊಡ್ಡ ಮಂದಿರದಲ್ಲಿ ಕೇಳಿಸುತ್ತಿದ್ದದ್ದು ಅವರ ಬಳೆಯ ಸದ್ದು ಮಾತ್ರ. ಸ್ವಲ್ಪ ಹೊತ್ತಿಗೆ ಪರದೆ ಸರಿಸಿ ತಲೆ ಹೊರಗೆ ಹಾಕಿ, ತಮ್ಮ ಜರ್ಮನ್‌ನಲ್ಲಿ ಕೇಳಿದರು:

"ಇಲ್ಲಿ ಪೆನ್ಸಿಲ್ ಇಲ್ಲ. ಒಂದು ಪೆನ್ಸಿಲ್ ಕೊಡ್ತೀರಾ?"

ಪೆನ್ಸಿಲ್ ಯಾಕಿರಬೇಕು, ಅಲ್ಲಿಗೆ ಯಾರು ಹೋಗುತ್ತಾರೆ? ಅಧ್ಯಕ್ಷಿಣಿಯ ಕಿವಿ ಕೆಂಪಾಯಿತು. ತನ್ನ ಪೆನ್ನನ್ನೇ ಕೊಟ್ಟು ಕಳಿಸಿದಳು. ಅಮ್ಮ ಸಾವಕಾಶವಾಗಿ, ಒಂದೊಂದು ಹೆಸರನ್ನೂ ಓದಿ ಎನ್ನುವಷ್ಟು ಸಾವಕಾಶವಾಗಿ ತಮ್ಮ ಕೆಲಸ ಮುಗಿಸಿ ಬಂದು ಪೆಟ್ಟಿಗೆಗೆ ಹಾಕಿದರು. ಫೋಟೋದವನು ಕ್ಯಾಮೆರಾ ಕೆಳಗಿಳಿಸಿದ್ದ. ಅಮ್ಮ ನಗುನಗುತ್ತಾ ಅಧ್ಯಕ್ಷಿಣಿಗೆ ಪೆನ್ನು ಹಿಂದಿರುಗಿಸಿ ಥ್ಯಾಂಕ್ಸ್ ಹೇಳಿದರು.

ಮನೆಗೆ ಬಂದು ಬಾಗಿಲು ಮುಚ್ಚಿದ ಮೇಲೆ ಅಪ್ಪ ಕೇಳಿದ ಮೊದಲ ಪ್ರಶ್ನೆ, ಒಳಗೆ ಎಂತ ಬರೆದಿ? ಅಮ್ಮನಿಗೆ ಅರ್ಥವೇ ಆಗಲಿಲ್ಲ. ಓಟು ಅಲ್ವಾ, ಅದನ್ನು ಹೇಳ್ಲಿಕ್ಕೆ ಉಂಟಾ ಎಂದರು. ಅಪ್ಪ ತಲೆಗೆ ಕೈ ಹೊತ್ತು ಕೂತು ಎಲ್ಲವನ್ನೂ ವಿವರಿಸಿದರು. ಅಮ್ಮ ಲೈಲಾಕ್ ಹೂವನ್ನು ಮುಡಿಯಿಂದ ತೆಗೆಯುತ್ತಾ ಕೇಳುತ್ತಿದ್ದರು. ಅವರ ಮುಖ ನಿಧಾನವಾಗಿ ಬಿಗಿಯಾದದ್ದನ್ನು ನಾನು ಕಂಡೆ. ಗೊತ್ತಿಲ್ಲದೆ ಮಾಡಿದ ಕೆಲಸ ಏನೆಂದು ಅವರಿಗೆ ಗೊತ್ತಾದದ್ದು ಆಗ, ಗೊತ್ತಾದ ಮೇಲೆ ಅವರು ಅದನ್ನು ಬಿಟ್ಟುಕೊಡಲಿಲ್ಲ. ವಾರದೊಳಗೆ ಕಾರ್ಖಾನೆಯಿಂದ ಅಪ್ಪನನ್ನು ಕರೆಸಿದರು. ಅಲ್ಲಿ ಯಾರೂ ಗದರಿಸಲಿಲ್ಲ, ಕಾಫಿ ಕೊಟ್ಟರಂತೆ. ಸಹೋದ್ಯೋಗಿಣಿಗೆ ಭಾಷೆ ಸರಿಯಾಗಿ ಬಾರದ್ದರಿಂದ ತಪ್ಪಿ ಪರದೆಯ ಹಿಂದೆ ಹೋದಳು ಎಂದು ಒಂದು ಸಾಲು ಬರೆದು ಸಹಿ ಮಾಡಿಸಿ ತನ್ನಿ, ಮಗಳ ವಿಷಯವೂ ನಮ್ಮ ಮುಂದಿದೆ, ಎಂದರಂತೆ. ಅಪ್ಪ ಆ ಸಾಲನ್ನು ತಾವೇ ಒಳ್ಳೆಯ ಜರ್ಮನ್‌ನಲ್ಲಿ ಬರೆದು ತಂದರು.

"ಭಾಷೆ ಬರುವುದಿಲ್ವಾ ನನಗೆ?" ಅಮ್ಮ ಕೇಳಿದರು. "ಇಷ್ಟು ವರ್ಷ ಇವರಿಗೆ ಸೂಪು ಬಡಿಸಿ, ಇವರ ಗಂಡ ಬಿಟ್ಟದ್ದು, ಹೆಂಡತಿ ಓಡಿದ್ದು, ಎಲ್ಲ ಕಥೆ ಕೇಳಿದ್ದು ಯಾವ ಭಾಷೆಯಲ್ಲಿ? ನಾನು ತಪ್ಪಿ ಹೋದದ್ದಲ್ಲ. ಕಾಲಿತ್ತು, ಹೋದೆ."

"ಶಶಿಯ ಸೀಟು ಹೋಗ್ತದೆ ವಾರಿಜಾ."

"ಅದನ್ನು ನನ್ನ ಕುತ್ತಿಗೆಗೆ ಯಾಕೆ ಕಟ್ತೀರಿ? ಪರದೆ ಕಟ್ಟಿದವರು ಅವರು."

ಮುಂದಿನ ಭಾನುವಾರ ಸಭೆ ಸೇರಿತು. ವಿಷಯ ಒಂದೇ: ವಾರಿಜಾ ಆ ಸಾಲಿಗೆ ಸಹಿ ಹಾಕಬೇಕು. ಅಪ್ಪ ವರದಿ ಓದಿದರು. ನಮ್ಮದೊಂದು ಸಣ್ಣ ಮನೆ, ಆದರೆ ದೊಡ್ಡ ಸಮಾಜದ ಭಾಗ ಎಂದರು. ಬಿಡಿ ಮನುಷ್ಯನ ಹಟಕ್ಕಿಂತ ಎಲ್ಲರ ಹಿತ ದೊಡ್ಡದು ಎಂದರು. ಆಮೇಲೆ ಕೈ ಎತ್ತಿ ಎಂದು ತಮ್ಮ ಕೈ ಎತ್ತಿ ನನ್ನ ಕಡೆ ನೋಡಿದರು. ಆಗ ಅಮ್ಮ ಕಿಂಡಿಯನ್ನು ಬಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಹಜಾರಕ್ಕೆ ಬಂದರು. ಸಭೆ ನಡೆಯುವಾಗ ಅವರು ಆ ಕಡೆಯಿಂದ ಈ ಕಡೆಗೆ ಬಂದದ್ದು ಅದೇ ಮೊದಲು.

"ಅವಳ ಕೈ ಎತ್ತಿಸ್ಬೇಡಿ ನೀವು. ಅಪ್ಪನ ಎದುರು ಕೈ ಎತ್ತದೆ ಅವಳಿಗೆ ನಿರ್ವಾಹ ಉಂಟಾ? ಚೀಟಿ ಮಾಡುವ. ಒಬ್ಬೊಬ್ಬರೇ ಬಚ್ಚಲಿಗೆ ಹೋಗಿ ಚಿಲಕ ಹಾಕಿ ಬರೀಲಿ. ಸಹಿ ಬೇಕು, ಇಲ್ಲ ಬೇಡ. ಮೂರು ಚೀಟಿಯಲ್ಲಿ ಎರಡು 'ಬೇಕು' ಬಂದ್ರೆ ಆ ಕ್ಷಣ ಸಹಿ ಹಾಕ್ತೇನೆ, ತುಟಿಪಿಟಿಕ್ ಅನ್ನುವುದಿಲ್ಲ."

ಅಪ್ಪ ಯೋಚಿಸಿದರು. ಗೆಲ್ಲುತ್ತೇನೆಂಬ ಧೈರ್ಯವಿತ್ತು ಎಂದು ಕಾಣುತ್ತದೆ, ಸೀಟು ನನ್ನದಲ್ಲವೇ? ಒಪ್ಪಿದರು. ನನ್ನ ಲೆಕ್ಕದ ಪುಸ್ತಕದ ಚೌಕುಳಿ ಹಾಳೆಯನ್ನು ಹರಿದು ಚೀಟಿ ಮಾಡಿದೆವು, ಅಕ್ಕಿಯ ಡಬ್ಬಿ ಖಾಲಿ ಮಾಡಿ ಪೆಟ್ಟಿಗೆ ಮಾಡಿದೆವು. ಮೊದಲು ಅಮ್ಮ ಹೋದರು, ಹೋದಷ್ಟೇ ಬೇಗ ಬಂದರು. ಆಮೇಲೆ ನಾನು. ಕಿಟಕಿಯಿಲ್ಲದ ಆ ಬಚ್ಚಲಿನಲ್ಲಿ ಚಿಲಕ ಹಾಕಿ ತೊಟ್ಟಿಯ ಅಂಚಿನ ಮೇಲೆ ಕೂತೆ. ಯಾರೂ ನೋಡದ ಜಾಗದಲ್ಲಿ ಕೂತು ನನ್ನನ್ನೇ ನಾನು ಕೇಳಿಕೊಂಡದ್ದು ಬದುಕಿನಲ್ಲಿ ಅದೇ ಮೊದಲು. ಡಾಕ್ಟರಾಗಬೇಕಿತ್ತು, ಎಷ್ಟು ಬೇಕಿತ್ತೆಂದು ಹೇಳಲಾರೆ. ಆದರೆ ಅಮ್ಮ ಭಾಷೆ ಬಾರದ ದಡ್ಡಿ ಎಂದು ಅಮ್ಮನ ಕೈಯಲ್ಲೇ ಬರೆಸಿಕೊಂಡು ಹೋಗಿ ಕಲಿಯುವ ವಿದ್ಯೆ ಎಂಥದ್ದು? ಬೇಡ ಎಂದು ಬರೆದೆ. ಕೊನೆಗೆ ಅಪ್ಪ ಹೋದರು. ಬಹಳ ಹೊತ್ತು ಹೊರಗೆ ಬರಲಿಲ್ಲ. ನಲ್ಲಿ ಬಿಟ್ಟ ಸದ್ದು ಕೇಳಿತು, ನಿಂತ ಸದ್ದೂ ಕೇಳಿತು. ಬಂದವರು ಚೀಟಿಯನ್ನು ಡಬ್ಬಿಗೆ ಹಾಕಿ, ಅಭ್ಯಾಸಬಲದಿಂದ ತಾವೇ ಮುಚ್ಚಳ ತೆಗೆದು ಓದಿದರು. ಬೇಡ. ಎರಡನೆಯದು, ಬೇಡ. ಮೂರನೆಯದನ್ನು ಬಿಡಿಸಿ ಹಿಡಿದುಕೊಂಡು ಓದದೆ ನಿಂತರು. ಅಮ್ಮ ಕತ್ತು ಚಾಚಿ ನೋಡಿದರು. ಅದೂ ಬೇಡ.

ಸರ್ವಾನುಮತ ಎಂಬ ಮಾತು ಆ ದಿನ ಅಪ್ಪನ ಬಾಯಿಂದ ಹೊರಡಲಿಲ್ಲ. ನನಗೆ ಅವರನ್ನು ಹೋಗಿ ತಬ್ಬಿಕೊಳ್ಳಬೇಕೆನಿಸಿತು. ಅಮ್ಮನ ಮುಖ ನೋಡಬೇಕಿತ್ತು! ಮದುವೆಯಾದಂದಿನಿಂದ ಅವರು ಅಪ್ಪನ ವರದಿಗಳನ್ನು ಕೇಳಿದ್ದರು, ಅಪ್ಪನ ಮನಸ್ಸು ಕೇಳಿದ್ದು ಆ ದಿನ. ಸಂಜೆ ಪೋಲೆಂಡಿನ ಸಂತೆಯಿಂದ ಯಾರೋ ತಂದುಕೊಟ್ಟಿದ್ದ ಮೀನನ್ನು ಕರಿದು, ಅಪ್ಪನ ತಟ್ಟೆಗೆ ನಡುವಿನ ತುಂಡು ಹಾಕಿದರು. ಕಿಂಡಿಯಿಂದಲ್ಲ, ಹೊರಗೆ ಬಂದು ಪಕ್ಕದಲ್ಲಿ ಕೂತು ಬಡಿಸಿದರು. ಪಾತ್ರೆ ತೊಳೆಯುವಾಗ ನನ್ನ ಹತ್ತಿರ ಪಿಸುಗುಟ್ಟಿದರು:

"ನೋಡಿದ್ಯಾ ನಿನ್ನಪ್ಪ! ಸುಮ್ಮನೆ ಅಲ್ಲ ಮಾರಾಯ್ತಿ, ಹಂಚಿನ ಕಾರ್ಖಾನೆಯಲ್ಲಿ ಪೆಟ್ಟು ತಿಂದ ಮೈ ಅದು."

ಸಹಿ ಬರಲಿಲ್ಲವಾದ್ದರಿಂದ ಕಾರ್ಖಾನೆಯವರು ಸಭೆ ಕರೆದರು. ಊಟದ ಮನೆಯಲ್ಲೇ, ಊಟದ ಹೊತ್ತು ಕಳೆದ ಮೇಲೆ. ನಾನು ಅಲ್ಲಿರಲಿಲ್ಲ, ಇದು ಅಮ್ಮ ವರ್ಷಗಳ ಮೇಲೆ ಹೇಳಿದ್ದು. ಅಡುಗೆಯ ತಂಡದ ಹೆಂಗಸರು, ಅಪ್ಪನ ಬ್ರಿಗೇಡಿನ ಫಿಟ್ಟರುಗಳು, ಕಾರ್ಮಿಕ ಸಂಘದ ಮುಖಂಡರು. ಅಪ್ಪ ತಮ್ಮ ಬ್ರಿಗೇಡಿನ ಸಂಘದ ಪ್ರತಿನಿಧಿ, ಮುಂದಿನ ಸಾಲಿನಲ್ಲೇ ಕೂರಬೇಕು. ಅಮ್ಮ ಬಿಳಿ ಏಪ್ರನ್ ತೊಟ್ಟೇ ಎದ್ದು ನಿಂತಿದ್ದರು. ಹೆದರಿಕೆ ಇರಲಿಲ್ಲ ಎಂದು ಆಮೇಲೆ ಹೇಳಿದರು, ಇವರು ಇದ್ದಾರಲ್ಲ ಎಂದು ಧೈರ್ಯದಲ್ಲಿದ್ದೆ ಎಂದರು. ನಿರ್ಣಯ ಓದಿದರು. ನಮ್ಮ ಸಹೋದ್ಯೋಗಿಣಿ ಸಮಾಜದ ವ್ಯವಸ್ಥೆಯನ್ನು ಸಾಕಷ್ಟು ಅರಿತಿಲ್ಲ, ಅವಳ ಈ ನಡತೆಯನ್ನು ನಾವು ಖಂಡಿಸುತ್ತೇವೆ, ಅವಳನ್ನು ತಿದ್ದುವ ಹೊಣೆ ನಮ್ಮೆಲ್ಲರದು. ಬೈಗುಳವೇ ಇಲ್ಲದ ಬೈಗುಳ! ಇದಕ್ಕಿಂತ ಯಾರಾದರೂ ಎರಡು ಕೆಟ್ಟ ಮಾತು ಆಡಿದ್ದರೆ ಅಮ್ಮ ತಿರುಗಿ ನಾಲ್ಕು ಆಡುತ್ತಿದ್ದರು. ಒಪ್ಪುವವರು ಕೈ ಎತ್ತಿ ಎಂದರು. ಕೈಗಳು ಎದ್ದವು. ಅಮ್ಮನ ಜೊತೆ ದಿನವೂ ಆಲೂಗಡ್ಡೆ ಸುಲಿಯುತ್ತಿದ್ದವರ ಕೈಗಳು, ಅಮ್ಮ ಒಂದು ಸೌಟು ಹೆಚ್ಚಿಗೆ ಬಡಿಸುತ್ತಿದ್ದವರ ಕೈಗಳು. ಮುಂದಿನ ಸಾಲಿನಲ್ಲಿ ಅಪ್ಪನ ಕೈಯೂ ಎದ್ದಿತು. ಅಳುಕಿ ಅರ್ಧ ಎತ್ತಿದ್ದಲ್ಲ, ಪೂರ್ತಿ, ನೆಟ್ಟಗೆ.

ಅಮ್ಮ ಮನೆಗೆ ಬಂದು ಚಪ್ಪಲಿ ಬಿಟ್ಟು ಅಡುಗೆಮನೆಗೆ ಹೋದರು. ನಾನು ಹಿಂದೆಯೇ ಹೋದೆ.

"ಎಲ್ಲರೂ ಎತ್ತಿದ್ರು," ಎಂದರು. "ಇವರೂ."

ಅಷ್ಟೇ. ಆ ರಾತ್ರಿ ಮನೆಯಲ್ಲಿ ಜಗಳವಾಗಲಿಲ್ಲ. ಕಿಂಡಿಯ ಬಾಗಿಲು ಮಾತ್ರ ಆಮೇಲೆ ತೆರೆಯಲಿಲ್ಲ. ನನ್ನ ಮೈ ಉರಿಯುವುದು ಇಲ್ಲಿಯೇ. ಬಚ್ಚಲಿನಲ್ಲಿ ಅಪ್ಪ 'ಬೇಕು' ಎಂದು ಬರೆದಿದ್ದರೆ ಅಮ್ಮ ಸಭೆಗೆ ಒಬ್ಬರೇ ಹೋಗುತ್ತಿದ್ದರು, ಒಬ್ಬರೇ ಎಂದು ತಿಳಿದು ಹೋಗುತ್ತಿದ್ದರು. ನಂಬಿದವರಾಗಿ ಅಪ್ಪ ಕೈ ಎತ್ತಿದ್ದರೆ ನಾನು ಎಂದೋ ಕ್ಷಮಿಸುತ್ತಿದ್ದೆ. ನಂಬಿಕೆಯೇ ಇರಲಿಲ್ಲ! ತಪ್ಪು ಯಾವುದು, ಸರಿ ಯಾವುದು ಎಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಅಷ್ಟು ನೆಟ್ಟಗೆ ಕೈ ಎತ್ತುವುದನ್ನು ಒಬ್ಬ ಮನುಷ್ಯನಿಗೆ ಕಲಿಸುವ ರಾಜ್ಯ ಎಂಥದ್ದು? ಅಲ್ಲಿ ಕೈ ಎತ್ತಿದ ಎಲ್ಲರ ಮನೆಯಲ್ಲೂ ಒಂದು ಬಚ್ಚಲು ಇತ್ತು. ಅದರೊಳಗೆ ಚಿಲಕ ಹಾಕಿಕೊಂಡರೆ ಅವರೂ ಬೇರೆಯೇ ಬರೆಯುತ್ತಿದ್ದರೇನೋ. ಬ್ರಿಗೇಡಿನಿಂದ ಜನಸಭೆಯವರೆಗೆ ಆ ಇಡೀ ದೇಶ ನಿಂತದ್ದು ಬಚ್ಚಲಿನಲ್ಲಿ ಒಂದು, ಹಜಾರದಲ್ಲಿ ಇನ್ನೊಂದು ಆಗಿದ್ದವರ ಹೆಗಲ ಮೇಲೆ. ಆ ಶರತ್ಕಾಲದಲ್ಲೇ ಬರ್ಲಿನ್ ಗೋಡೆಯೊಡನೆ ಅದೆಲ್ಲ ಕುಸಿದುಬಿದ್ದಾಗ ಜನರಿಗೆ ಆಶ್ಚರ್ಯವಾಯಿತಂತೆ. ನನಗೆ ಆಗಲಿಲ್ಲ. ಕಾರ್ಖಾನೆಯನ್ನು ಯಾರೋ ಕೊಂಡು ಮುಚ್ಚಿದರು. ಎರಡು ಜರ್ಮನಿಗಳೂ ಒಂದಾದ ಹೊಸ ದೇಶದಲ್ಲಿ ಪರದೆ ಇತ್ತು, ಪೆನ್ಸಿಲ್ಲೂ ಇತ್ತು, ಆದರೆ ಭಾರತದ ಪಾಸ್‌ಪೋರ್ಟಿನವರಿಗೆ ಓಟು ಇಲ್ಲ ಎಂದರು. ಅಮ್ಮ ಸಾಯುವವರೆಗೂ ಇಲ್ಲೇ ದುಡಿದು ತೆರಿಗೆ ಕಟ್ಟಿದರು, ಯಾವ ಮತಗಟ್ಟೆಯೂ ಅವರನ್ನು ಒಳಗೆ ಬಿಡಲಿಲ್ಲ. ಈ ಸಿಟ್ಟನ್ನೂ ಇಲ್ಲೇ ಬರೆದಿಡುತ್ತೇನೆ.

ಅಪ್ಪ ಇನ್ನೂ ಇದ್ದಾರೆ, ಅದೇ ಊರಿನಲ್ಲಿ. ನಾನು ಹೈಡೆಲ್‌ಬರ್ಗ್‌ನಿಂದ ತಿಂಗಳಿಗೊಮ್ಮೆ ಹೋಗಿ ಅವರ ರಕ್ತದೊತ್ತಡ ನೋಡಿ ಬರುತ್ತೇನೆ. ಕಳೆದ ಸಲ ತೋಳಿಗೆ ಪಟ್ಟಿ ಸುತ್ತುತ್ತಾ ಕೇಳಿಯೇಬಿಟ್ಟೆ, ಬೇಡ ಎಂದು ಬರೆದವರು ಯಾಕೆ ಎತ್ತಿದಿರಿ ಎಂದು. ಅವರು ತಡವರಿಸಲಿಲ್ಲ.

"ಎತ್ತದಿದ್ರೆ ನೀನು ಇವತ್ತು ಈ ಪಟ್ಟಿ ಸುತ್ತುತ್ತಿದ್ಯಾ?"

ಅದು ಸತ್ಯ, ಅದೇ ನನ್ನನ್ನು ಸುಡುವುದು. ಸಭೆಯಾಗಿ ಕೆಲವು ದಿನಕ್ಕೆ ಕಾರ್ಖಾನೆಯ ಒಳ್ಳೆಯ ಮಾತು ಶಾಲೆಗೆ ತಲುಪಿತ್ತು. ತಂದೆ ವೈಯಕ್ತಿಕ ಸಂಬಂಧವನ್ನೂ ಮೀರಿ ನಿಂತವರು ಎಂದು ಅದರಲ್ಲಿತ್ತು ಎಂದು ಟೀಚರ್ ಹೇಳಿದರು. ಜೂನ್ ತಿಂಗಳಲ್ಲಿ ಸೀಟಿನ ಕಾಗದ ಬಂತು. ಅಪ್ಪ ಪೇಟೆಯಿಂದ ಕೇಕ್ ತಂದು ಮೇಜಿನ ಮೇಲಿಟ್ಟು ನಿಂತರು. ನಾನು ಕಾಗದವನ್ನು ಅವರ ಮುಂದೆ ತಳ್ಳಿ ಅಡುಗೆಮನೆಗೆ ಹೋದೆ. ಅಮ್ಮ ಅಕ್ಕಿ ಆರಿಸುತ್ತಿದ್ದರು.

"ನಾನು ಹೋಗುವುದಿಲ್ಲ," ಎಂದೆ. "ಆ ಕೈಯಿಂದ ಬಂದ ಸೀಟು ನನಗೆ ಬೇಡ. ಹೊಲಿಗೆ ಕಾರ್ಖಾನೆಗೆ ಸೇರ್ತೇನೆ."

ಅಮ್ಮ ಮೊರವನ್ನು ಕೆಳಗಿಟ್ಟರು. ಅವರ ಧ್ವನಿ ಹಜಾರಕ್ಕೂ ಕೇಳುವಷ್ಟು ದೊಡ್ಡದಿತ್ತು, ಕೇಳಲಿ ಎಂದೇ.

"ಅವರು ಕೈ ಎತ್ತಿದ್ರಲ್ಲಿ ಅವರಿಗೆ ಎಂತ ಖರ್ಚಾಯ್ತು? ನೀನು ಎಂತ ಕೊಟ್ಟಿ? ಅಷ್ಟು ಜನರ ಎದುರು ಏಪ್ರನ್ ಹಾಕಿ ನಿಂತದ್ದು ನಾನು. ನನ್ನ ಮರ್ಯಾದೆ ಕೊಟ್ಟು ಬಂದ ಸೀಟು ಅದು. ಅದನ್ನು ಬೇಡ ಅನ್ಲಿಕ್ಕೆ ನೀನು ಯಾರು?"

ನಾನು ಹಜಾರಕ್ಕೆ ಹೋಗಿ ಮೇಜಿನ ಮೇಲಿದ್ದ ಕಾಗದವನ್ನು ತೆಗೆದುಕೊಂಡೆ. ಸೆಪ್ಟೆಂಬರಿನಲ್ಲಿ ಮೇಲ್ಶಾಲೆಗೆ ಹೋದೆ.